ನೋವು: ಇದೆ / ಇಲ್ಲ

ದವಾಖಾನಿ ಚೀಟಿಯೊಳಗ ಅದಕ್ಕ ಇರೂದು ಒಂದಽ ಸಾಲು.
ನೋವು: ಇದೆ / ಇಲ್ಲ.
ಒಂದನ್ನ ಹೊಡದು ಹಾಕೂದು, ಮುಂದಿನವರನ್ನ ಕರಿಯೂದು.
ಹತ್ತೊಂಬತ್ತು ವರ್ಷ ಆತು, ಇದಽ ಕೆಲಸ.

ಇವತ್ತು ಹನ್ನೊಂದನೇ ಹಾಸಿಗಿಯ ಮುದುಕಿ,
ಗುಂತಕಲ್ ಗಾಡಿ ಇಳಿದು ಬಂದಾಕಿ,
ಮೀನಖಂಡ ಹಿಡಕೊಂಡು "ತೀಪುಲು, ತೀಪುಲು" ಅಂದ್ಲು.
ಹೊಸಾ ಡಾಕ್ಟರು ಮೈಸೂರ ಕಡಿಯಾಂವ, ಪಾಪ,
"ತೀಪಿ ಅಂದ್ರೆ ಸಿಹಿ ಅಲ್ವಾ, ಸಿನಿಮಾದಲ್ಲಿ ಕೇಳಿದೀನಿ,
ಶುಗರ್ ಎಷ್ಟಿದೆ ನೋಡಿ ಸಿಸ್ಟರ್" ಅಂದ.
ನನಗ ನಗಿ ಬಂತು. ಆಮ್ಯಾಲೆ ಬರಲಿಲ್ಲ.

ಸಿಹಿ ಅಲ್ರೀ ಸರ್.
ಹಗಲೆಲ್ಲಾ ನಿಂತ ಕಾಲು ರಾತ್ರಿ ಹಾಸಿಗ್ಯಾಗ
ತಮ್ಮಷ್ಟಕ್ಕ ತಾವಽ ಎಳಕೊಳ್ಳೂದು.
ಮಸ್ತಾನಮ್ಮ ಕಲಿಸಿದ್ಲು, ನನ್ನ ಕಡಿಂದ ಕಾಲು ಒತ್ತಿಸಿಕೊಂಡು,
ತಾಸಿಗೊಂದು ಬೆಲ್ಲದ ಚೂರಿನ ಪಗಾರಕ್ಕ.
ನನ್ನ ನಾಲಿಗಿ ಮ್ಯಾಲೆ ಅವೆರಡೂ
ಇನ್ನೂ ಕೂಡೇ ಅದಾವ.

ರೇಲ್ವೆ ಕ್ವಾರ್ಟರ್ಸಿನ್ಯಾಗ ಎಂಟು ಮನಿ, ಒಂದು ನಳ.
ನೀರಿಗಿಂತ ಮೊದಲು ಮಾತು ಬರ್ತಿತ್ತು.
ಜಗಳಕ್ಕ ಖುತೇಜಾಬಿಯ ಮಾತು ಚಲೋ,
ಕೊಡಾ ಎಣಸಾಕ ನಮ್ಮದು,
ತಪ್ಪಿಸಿಕೊಳ್ಳಾಕ ಯಾವುದಾದ್ರೂ ನಡೀತಿತ್ತು.
ನಾಕು ವರ್ಷದಾಕಿ ನಾ. ಯಾರ ಬಾಗಿಲಾಗ ನಿಂತೀನಿ ನೋಡಿ
ನಾಲಿಗಿ ತಾನಽ ಚಪ್ಪಲಿ ಕಳದು ಒಳಗ ಹೋಗತಿತ್ತು.

ಸಾಲ್ಯಾಗ ಮಾತ್ರ ಪೆಟ್ಟು.
ಆಕಳ ಪ್ರಬಂಧದಾಗ, ಬಾಲ ಇರೂ ಜಾಗಾದಾಗ,
ಮರಾಠಿ ಶೇಪಟಿ ಹಚ್ಚಿದ್ದೆ.
"ಹೊಲಸು ಮಾಡೀದಿ" ಅಂದ್ರು ಮಾಸ್ತರು.
ಬಾತ ಅಂಗೈಗೆ ಅವ್ವ ಎಣ್ಣಿ ತೀಡಿದ್ಲು.
ಮಿರಜದ ಇಂದೂಕಾಕು ಊದಿ ಊದಿ ಕೇಳಿದ್ಲು,
"ಕಳ ಯೇತೇ ಕಾ?"

ಕಳ ಅಂದ್ರ ಚಳಕು,
ಒಳಗ ಒಮ್ಮೆ ಮಿಂಚಿ ಹೋಗೂ ನೋವು.
ಕಳಲಂ ಅಂದ್ರ, ತಿಳೀತು.
ಕಾಕುಗ ಇದನ್ನ ಹೇಳಿದ್ರ ಕಣ್ಣು ಬಿಟ್ಲು.
ಅಕಿ ಹುಟ್ಟಿದ್ದಽ ಆ ಮಾತಿನ್ಯಾಗ,
ಅದರ ಸಪ್ಪಳಾ ಅಕಿಗೆ ಕೇಳ್ತಿರಲಿಲ್ಲ.
ಅಂಗಳದಾಗ ನಿಂತ ನನಗ ಕೇಳಿತ್ತು
ಒಂದರೊಳಗ ಇನ್ನೊಂದು.

ಈಗ ಚೀಟಿ ಮ್ಯಾಲೆ "ಇಲ್ಲ" ಹೊಡದು ಹಾಕೀನಿ.
ಅಂಚಿನ್ಯಾಗ ಜಾಗಾ ಸಾಲದಽ ಸಣ್ಣಕ್ಷರದಾಗ ಬರದೀನಿ, ತೀಪುಲು.
"ಕನ್ನಡದಲ್ಲಿ ಏನಂತಾರೆ?" ಡಾಕ್ಟರು ಕೇಳಿದ್ರು.
ಹುಡುಕಿದೆ. ಜೋಮು ಅಲ್ಲ. ಉರಿ ಅಲ್ಲ. ಸೆಳವು, ಹತ್ತಿರ ಬರ್ತೈತಿ,
ಆದ್ರ ಅದರಾಗ ಬೆಲ್ಲ ಇಲ್ಲ.
"ನೀವೂ ಒಂದಿನ ಕಾಲು ಒತ್ರಿ ಸರ್" ಅಂದೆ.

ಮುದುಕಿಯ ಮೀನಖಂಡ ನನ್ನ ಬೊಟ್ಟಿನೊಳಗ
ಮೆಲ್ಲಕ ಸಡಿಲಾತು.
ಅರ್ಧ ಕಣ್ಣು ಮುಚ್ಚಿ ಕೇಳಿದ್ಲು,
"ನೀದೇ ಊರಮ್ಮಾ?"
ಇದಽ ಊರು, ಹುಬ್ಬಳ್ಳಿ, ಅಂದೆ.
ಅಕಿ ನಂಬಲಿಲ್ಲ.