ನೊಣ ಮುಟ್ಟಬೇಡಿ

ಚುನಾವಣೆ ಘೋಷಣೆಯಾದ ಮರುದಿನವೇ
ಹಿರಿಯಡಕ ಠಾಣೆಯ ಜಗಲಿಗೆ ಕೋವಿಗಳು ಬಂದವು,
ಗೋಣಿಯಲ್ಲಿ, ಹಳೆ ಪಂಚೆಯಲ್ಲಿ,
ಒಂದು, ಬಸ್ಸಿನ ಸೀಟಿನ ರೆಕ್ಸಿನ್ನಿನಲ್ಲಿ.
ನಾನು ಗದಗದ ಹುಡುಗಿ, ಎದೆಯ ಬಿಲ್ಲೆ ಇನ್ನೂ ಹೊಸತು.
ನಲವತ್ತೊಂದು ಕೋವಿಗೆ ನಲವತ್ತೊಂದು ಚೀಟಿ ಕಟ್ಟಿದೆ.
ಬೊಗ್ಗು ನಾಯ್ಕರದು ಹದಿನೇಳನೆಯದು:
ಕೇಪಿನ ಕೋವಿ, ಒಂಟಿ ನಳಿಗೆ, ಬೆಳೆ ರಕ್ಷಣೆಗೆ.
"ಮಲಗಿಸಿ ಇಡಿ ಅಕ್ಕ, ಒರಗಿಸಬೇಡಿ" ಅಂದರು.
ಒರಗಿಸಿದೆ. ಜಾಗ ಎಲ್ಲಿತ್ತು?

ಗೆದ್ದವರ ಪಟಾಕಿಯ ಕೆಂಪು ಕಾಗದ
ರಸ್ತೆಯಲ್ಲಿ ಇನ್ನೂ ಇರುವಾಗಲೇ ಒಯ್ದರು.
ನಾಲ್ಕನೇ ದಿನ ಮತ್ತೆ ಬಂದರು, ಬರಿಗೈಯಲ್ಲಿ.
"ಒಂದು ಗೇಣು ಬಲಕ್ಕೆ ಹೋಗ್ತಾ ಉಂಟು.
ನನ್ನ ನೊಣವನ್ನು ಯಾರೋ ಮುಟ್ಟಿದ್ದಾರೆ."
ರೈಟರ್ ನಕ್ಕರು: ಹಾರಿಹೋಗಿರಬೇಕು ಅಜ್ಜ.
ಸಾಹೇಬರು ತಲೆಯೆತ್ತದೆ ನನಗೆ ಹೇಳಿದರು:
ಹೋಗಿ ನೋಡಿ ಬಾ, ಅರ್ಜಿ ಮುಗಿಸು.

ಸ್ವರ್ಣೆಯ ದಡದ ಗದ್ದೆ, ಉದ್ದು ಕಿತ್ತಾಗಿತ್ತು.
ಆಚೆ ಬರೆಗೆ ಸುಣ್ಣ ಬಳಿದ ಗೆರಟೆ, ಐವತ್ತು ಹೆಜ್ಜೆ.
ಮಸಿ ಅಳೆಯಲು ತಾಯತದ ಖಾಲಿ ಕೊಳವೆ;
ಮೂರು ಸಲ ತಟ್ಟಿ, ಬೆರಳಲ್ಲಿ ಸವರಿ, ಸಮ.
ಮಲ್ಪೆಯ ಹರಿದ ಬಲೆಯ ಸೀಸ ಕರಗಿಸಿ ಎರೆದ ಉಂಡೆ,
ಅದಕ್ಕೆ ಎಣ್ಣೆ ಹಚ್ಚಿದ ಬೈರಾಸಿನ ಚಿಂದಿ.
ಗಜ ಇಳಿಸುವಾಗ ಕಿವಿ ಕೊಟ್ಟರು, ಟಂಕ್ ಅನ್ನುವ ತನಕ.
"ನಿನ್ನೆಯ ಹಾಗೆಯೇ ಇವತ್ತೂ.
ಕೋವಿಗೆ ಹೊಸ ರುಚಿ ಆಗುವುದಿಲ್ಲ."

ಮೊದಲ ಈಡು.
ಹೊಗೆ ಗದ್ದೆಯ ಮೇಲೆ ಕೂತಿತು,
ಏಳಲು ಮನಸ್ಸಿಲ್ಲದ ನೆಂಟನ ಹಾಗೆ.
ಗೆರಟೆ ಅಲ್ಲೇ. ಗೇಣು ಬಲಕ್ಕೆ ಮುರಕಲ್ಲಿನಲ್ಲಿ ಹೊಸ ತೂತು.
"ಕಂಡಿತಲ್ಲ? ಬರೆದುಕೊಳ್ಳಿ."

ತುದಿಯ ನೊಣಕ್ಕೆ ಮರದ ಚೂರು ಆನಿಸಿ
ಸುತ್ತಿಗೆಯಲ್ಲಿ ಉಸಿರಿನಷ್ಟು ಒಂದು ಪೆಟ್ಟು, ಬಲಕ್ಕೆ.
ಗುಂಡು ತಪ್ಪಿದ ಕಡೆಗೇ ನೊಣ ಹೋಗಬೇಕಂತೆ.
ತಪ್ಪಿದ ಕಡೆಗಾ?
ನಮ್ಮನೆಯಲ್ಲಿ ಎಲ್ಲದಕ್ಕೂ ಉಲ್ಟಾ ಕಲಿಸಿದ್ದರು.

ಆಮೇಲೆ ಕೋವಿ ನನ್ನ ಕೈಗೆ ಬಂತು;
ಕಾನೂನು ಏನನ್ನುತ್ತದೋ, ನೋಡಲಿಲ್ಲ.
"ಕಣ್ಣು ಒಂದು, ಅದಕ್ಕೆ ಕೆಲಸ ಮೂರು.
ಹತ್ತಿರದ ಕಚ್ಚು, ತುದಿಯ ನೊಣ, ದೂರದ ಗೆರಟೆ.
ಮೂರೂ ನಿಚ್ಚಳ ಬೇಕು ಅಂದವ ಗಾಳಿಗೆ ಹೊಡೀತಾನೆ.
ನೊಣ ಮಾತ್ರ ನೋಡಿ. ಗೆರಟೆ ಮಂಜಾಗಲಿ,
ಅದು ಎಲ್ಲಿಗೂ ಹೋಗುವುದಿಲ್ಲ."

ತರಬೇತಿಯಲ್ಲಿ ನನಗೆ ಐದಕ್ಕೆ ಎರಡು.
ಗುರಿಹಲಗೆಯನ್ನೇ ನುಂಗುವ ಹಾಗೆ ನೋಡುತ್ತಿದ್ದೆ.
ಉಸ್ತಾದರು ಬೈದದ್ದು ಭುಜಕ್ಕೆ.

ಕುದುರೆ ಬಿತ್ತು. ಕೇಪು ಚಟ್ಟೆಂದಿತು.
ಗುಂಡು ಹೊರಡುವ ಮೊದಲು ಒಂದು ಸಣ್ಣ ಸಂದು,
ಅವ್ವ ಒಲೆಗೆ ಊದಿ
ಉರಿಗೆ ಕಾಯುವಷ್ಟು ಹೊತ್ತು ಅದರಲ್ಲಿತ್ತು.
ಕದಲಬೇಡಿ ಅಂದಿದ್ದರು. ಕದಲಲಿಲ್ಲ.
ಹೊಗೆ. ಇಬ್ಬರೂ ಕಾದೆವು.
ಗೆರಟೆಯ ಎಡ ಮಗ್ಗುಲು ಹಾರಿತ್ತು.
"ಅಂಚು" ಅಂದರು. ಹೊಗಳಿದ್ದೋ ಅಳೆದದ್ದೋ.

"ಹಂದಿ ಎಷ್ಟು ಬಿದ್ದಾವ್ರಿ ಅಜ್ಜಾರ?"
"ಹಂದಿ ಶಬ್ದಕ್ಕೇ ಓಡ್ತದೆ ಮಾರಾಯ್ತಿ."
"ಹಂಗಾದ್ರ ಗುರಿ ಯಾಕ ಬೇಕ್ರಿ?"
ನಳಿಗೆಗೆ ಬಿಸಿನೀರು ಹೊಯ್ಯುತ್ತಿದ್ದರು;
ಕಪ್ಪು ನೀರು ಗದ್ದೆಯ ಬಿರುಕಿಗೆ ಇಳಿಯಿತು.
ಉತ್ತರ ಕೊಡಲಿಲ್ಲ,
ಅಥವಾ ತುಳುವಿನಲ್ಲಿ ಕೊಟ್ಟರು, ನಳಿಗೆಗೆ.

ಈ ಸಲ ಪಂಚಾಯತಿಯದು.
ಚೀಟಿಯ ಷರಾ ಜಾಗದಲ್ಲಿ ಬರೆದೆ: ನೊಣ ಮುಟ್ಟಬೇಡಿ.
ಇದೆಂಥದು, ಅಂದರು ರೈಟರ್.
ಬೇರೆ ಹತ್ತು ಕೋವಿ ಎತ್ತಿ ಜಾಗ ಮಾಡಿ
ನನ್ನ ರೇನ್‌ಕೋಟು ಹಾಸಿ
ಹದಿನೇಳನೆಯದನ್ನು ಮಲಗಿಸಿದೆ.