ಬೆರಳಿನ ತೂಕ

ಖಡಕಿ ಬಜಾರಿನ ಹಿಂದೆ, ರೈಲು ಹಳಿಯ ಗೋಡೆಗೆ ಒರಗಿ
ನಮ್ಮ ಅಂಗಡಿ. ತಗಡಿನ ಮೇಲೆ ಮರಾಠಿಯಲ್ಲಿ
‘ಭಂಗಾರ’ ಎಂದು ಬರೆಸಿದ್ದರು ಮಾಲೀಕರು.
ಹುಮನಾಬಾದಿನಿಂದ ಬಂದಿಳಿದ ಹೊಸತರಲ್ಲಿ
ನಾನದನ್ನು ಬಂಗಾರವೆಂದೇ ಓದಿಕೊಂಡೆ.
ಒಳಗೆ ಹೋದರೆ
ತಳ ಸುಟ್ಟ ಕುಕ್ಕರು, ಸೊಟ್ಟಗಾದ ಸೈಕಲ್ಲು,
ಯಾರದೋ ಊಟದ ಕ್ಯಾರಿಯರಿನ ಮೂರನೆಯ ಡಬ್ಬಿ.
ಒಂದು ಉಸಿರಿನ ಅಂತರ, ಅಷ್ಟೇ,
ಗುಜರಿಗೂ ಚಿನ್ನಕ್ಕೂ.

ತಬಿತವ್ವನ ನಾಲಗೆಗೆ ಮಾತ್ರ ಆ ಉಸಿರು ಹತ್ತಲಿಲ್ಲ.
ಚೀಲ ಇಳಿಸಿ, ಸೊಂಟಕ್ಕೆ ಕೈಯಿಟ್ಟು,
‘ಬಂಗಾರ ತಂದೀನಿ, ತೂಗೋ’ ಅನ್ನುವಳು ದಿನಾ.
ನಾನು ತೂಗುವೆ.
ಕಲ್ಲಿಡುವ ನೆಪದಲ್ಲಿ ಕಲ್ಲಿನ ತಟ್ಟೆಯ ಅಂಚಿಗೆ
ಕಿರುಬೆರಳು.
ಒತ್ತಿದ್ದೇನೆ ಅಂದರೆ ಒತ್ತಿದ್ದೇನೆ,
ಇಲ್ಲ ಅಂದರೆ ಇಲ್ಲ.
ಕಿಲೋಗೆ ನೂರು ಗ್ರಾಂ ಕಾಣೆ.
ಹನ್ನೊಂದು ವರ್ಷ.

ರವಿವಾರ ಮರಾಠಿಯವರು, ತಮಿಳರು ಮುಗಿಸಿ ಹೋದ ಮೇಲೆ
ಮಧ್ಯಾಹ್ನ ಎರಡಕ್ಕೆ ಕನ್ನಡದವರ ಪಾಳಿ.
ಬೆಂಚುಗಳು ಇನ್ನೂ ಬೆಚ್ಚಗೆ. ಅವಳು ಮುಂದಿನ ಸಾಲು, ನಾನು ಹಿಂದೆ,
ಅದೇ ಬೆರಳಿನಿಂದ ಕೀರ್ತನೆಯ ಪುಟ ಹುಡುಕುತ್ತ.
ಅಯ್ಯನವರು ಓದಿ ಹೇಳಿದರು:
ಬೆಟ್ಟಗಳನ್ನೇ ತಕ್ಕಡಿಗೆ ಹಾಕಿ ತೂಗುವವನೊಬ್ಬನಿದ್ದಾನೆ,
ರಾಜ್ಯಗಳೆಲ್ಲ ಅವನ ತಟ್ಟೆಗೆ ಅಂಟಿದ ದೂಳು.
ನನಗೆ ಅಂಜಿಕೆಯಾಗಲಿಲ್ಲ, ನಿಜ ಹೇಳಬೇಕೆಂದರೆ,
ಕಸುಬಿನ ಕುತೂಹಲವಾಯಿತು:
ಆ ಕಲ್ಲುಗಳಿಗೆ ವರ್ಷಕ್ಕೊಮ್ಮೆ
ಮುದ್ರೆ ಒತ್ತುವವರು ಯಾರು?

ಮುಂದಿನ ವಾರ ಇನ್ನೊಂದು ಕತೆ.
ಔತಣದ ನಡುವೆ ಅರಸನ ಎದುರು
ತೋಳಿಲ್ಲದ ಕೈಯೊಂದು ಬಂದು
ಗೋಡೆಯ ಮೇಲೆ ಬರೆಯಿತಂತೆ:
ತೂಗಿ ನೋಡಿದೆ, ಕಡಿಮೆ ಬಿದ್ದೆ.
ಆ ರಾತ್ರಿ ಸೊಲ್ಲಾಪುರದ ಗಾಡಿ ಹಾಯುವಾಗ
ಖಾಲಿ ತಕ್ಕಡಿ ತಾನೇ ತೂಗಾಡಿತು.
ಎದ್ದು ಹಿಡಿದು ನಿಲ್ಲಿಸಿದೆ.
ಮತ್ತೆ ನಿದ್ದೆ ಹತ್ತಲಿಲ್ಲ.

ತಬಿತವ್ವ ಸಸೂನ್ ಆಸ್ಪತ್ರೆಯಲ್ಲಿ, ನೆಲದ ಹಾಸಿಗೆ.
ಲೆಕ್ಕ ಹಾಕಿ ಒಯ್ದೆ, ಕರವಸ್ತ್ರದಲ್ಲಿ ಗಂಟು ಕಟ್ಟಿ,
ಅಸಲು ಮಾತ್ರ. ಮರ ಹತ್ತಿದ್ದ ಆ ಕುಳ್ಳ ಸುಂಕದವನ ಹಾಗೆ
ನಾಲ್ಕರಷ್ಟು ಕೊಡುವ ತಾಕತ್ತು ನನ್ನಲ್ಲಿಲ್ಲ.
ಬಾಯಿಗೆ ಬಂದದ್ದೆಲ್ಲ ಅರ್ಧಂಬರ್ಧ.
ಅವಳು ಅಂದಳು:
‘ಗೊತ್ತಿತ್ತೋ. ಮೊದಲ್ನೇ ದಿನಾನೇ ಗೊತ್ತಿತ್ತು.
ನಿನ ಬೆರಳು ನೂರು ಗ್ರಾಂ ತೂಗ್ತದ.
ರಾತ್ರಿ ಪ್ರಾರ್ಥನೆದಾಗ ನಿನ ಹೆಸರು ಹೇಳತೀನಿ,
ಆ ಬೆರಳಿಂದು ಬ್ಯಾರೆ ಹೇಳತೀನಿ.’
ಆಮೇಲೆ ದುಡ್ಡು ಎಣಿಸಿದಳು, ಎರಡು ಸಲ,
ಹತ್ತು ರೂಪಾಯಿ ತೆಗೆದು ನನ್ನ ಕೈಗಿಟ್ಟಳು.
‘ಚಹಾ ಕುಡದು ಹೋಗು, ಬಂಗಾರಾ.’

ಗುಜರಿ ಅಂದಳೋ ಚಿನ್ನ ಅಂದಳೋ,
ಆ ಬಾಯಲ್ಲಿ ಎರಡಕ್ಕೂ ಒಂದೇ ಶಬ್ದ.
ಅವಳ ತಂದೆಯ ಬಾಯಲ್ಲೂ ಹಾಗೆಯೇ ಇರಬೇಕು.

ಈಗ ಅಂಗಡಿಗೆ ಕೆಂಪು ಅಂಕಿಯ ಮಶೀನು ಬಂದಿದೆ,
ಹಳೆಯ ತಕ್ಕಡಿ ಮೂಲೆಯ ಮೊಳೆಯಲ್ಲಿ.
ಸ್ತೋತ್ರವೆಂದರೆ ಏನೆಂದು ಕೇಳಿದರೆ
ಅಯ್ಯನವರ ಹಾಗೆ ಹೇಳಲು ನನಗೆ ಬಾರದು.
ಇಷ್ಟು ಕಾಣುತ್ತದೆ, ಷಟರು ಎಳೆಯುವ ಹೊತ್ತಿಗೆ:
ಒಂದು ತಟ್ಟೆಯಲ್ಲಿ ನಾನು, ತುಕ್ಕು ತಿಂದವನು,
ಇನ್ನೊಂದರಲ್ಲಿ ಕಲ್ಲು, ಖರೇ ಕಲ್ಲು.
ನನ್ನ ಬದಿ ಮೇಲೇ ನಿಂತಿದೆ,
ತೂಗುವವನ ಕಣ್ಣಿಗೆ ಮರೆಯಲ್ಲ ಅದು.
ಆಗ ನನ್ನ ತಟ್ಟೆಯ ಅಂಚಿಗೆ ಒಂದು ಕೈ ಬರುತ್ತದೆ,
ಕದ್ದಲ್ಲ, ನೆಪ ಹೂಡಿಯಲ್ಲ,
ಎಲ್ಲರೆದುರಿಗೆ, ತನ್ನ ಇಡೀ ಭಾರ ಬಿಟ್ಟು
ಒತ್ತುತ್ತದೆ.
ಅಂಗೈ ನಡುವೆ ತೂತು,
ಅದರೊಳಗಿಂದ ಬೀದಿಯ ದೀಪ ಕಾಣುತ್ತದೆ.

ಯೋಗ್ಯನು ನೀನು, ಸ್ವಾಮಿ.
ಈ ಒಂದನ್ನು ಮಾತ್ರ
ನಾನು ತೂಗದೆ ಹೇಳುತ್ತಿದ್ದೇನೆ.