ಎರಡನೇ ದರ್ಜೆ

ಭಾನುವಾರ. ಓವನ್ನಿನ ಬಾಗಿಲು ತಾನಾಗಿ ನಿಲ್ಲುವುದಿಲ್ಲ,
ಕುರ್ಚಿಯೊಂದನ್ನು ಒತ್ತಿಟ್ಟಿದ್ದೇನೆ.
ನಾನೂರ ಇಪ್ಪತ್ತೈದು ಅನ್ನುತ್ತದೆ ಅದರ ಗುಂಡಿ;
ಅದರ ಮಾತು ನಂಬಿ ಕೆಟ್ಟವಳು ನಾನು.
ಅಂಗೈ ಚಾಚಿ ಒಂದು, ಎರಡು, ಮೂರು ಎಣಿಸಿ
ನಾಲ್ಕಕ್ಕೆ ತಡೆಯಲಾರದೆ ಹಿಂದೆಗೆದುಕೊಂಡರೆ
ಹದ ಬಂತು ಅಂತ ಲೆಕ್ಕ.

ಬುಟ್ಟಿಯಲ್ಲಿ ಗೆಣಸು.
ಒಂದಕ್ಕೆ ಬಾಲ, ಒಂದಕ್ಕೆ ಗೂನು,
ಒಂದು, ಮಂಡಿ ಮಡಚಿ ಮುನಿಸಿಕೊಂಡು ಮಲಗಿದ ಮಗು.
ಎಲ್ಲ ನಾನೇ ಬೆಲ್ಟಿನಿಂದ ಎತ್ತಿ ಪಕ್ಕಕ್ಕೆ ಹಾಕಿದವು.
ನ್ಯಾಶ್ ಕೌಂಟಿಯ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ
ನಿಂತೇ ಇದ್ದೇನೆ, ಎದುರಿಗೆ ಗೆಣಸಿನ ಹೊಳೆ.
ನೆಟ್ಟಗಿದ್ದದ್ದು ಅಂಗಡಿಗೆ,
ಸೊಟ್ಟಗಿದ್ದದ್ದು ಎರಡನೇ ದರ್ಜೆ.
ನಿದ್ದೆಯಲ್ಲೂ ನಿನ್ನ ಕೈ ಹೊದಿಕೆ ಮೇಲೆ ಆರಿಸುತ್ತಿರುತ್ತದೆ
ಅನ್ನುತ್ತಿದ್ದ ಕ್ಲೀಟಸ್, ಇದ್ದಾಗ.
ಒಂದು ರಾತ್ರಿ ಅವನ ಮೂಗು ಹಿಡಿದು
ಪಕ್ಕಕ್ಕೆ ಎಸೆಯಲು ನೋಡಿದ್ದೆನಂತೆ.

ಯೂಲಾಲಿಯಾ ಬಂದಿದ್ದಾಳೆ. ಬೆಲ್ಟಿನ ಆಚೆ ದಡದವಳು.
ಏಳು ಸುಗ್ಗಿ ಎದುರುಬದುರು ನಿಂತೂ
ಯಂತ್ರದ ಗದ್ದಲದಲ್ಲಿ ಹುಬ್ಬಿನಲ್ಲೇ ಮಾತಾಡಿದ್ದೇವೆ.
ಬಿರುಗಾಳಿಗೆ ಕಂಬ ಬಿದ್ದು ಅವಳ ಟ್ರೇಲರಿಗೆ
ಮೂರು ದಿನದಿಂದ ಕರೆಂಟಿಲ್ಲ.
ಬುಟ್ಟಿಯಿಂದ ಒಂದನ್ನೆತ್ತಿ
"ಕಮೋತೆ" ಅಂದಳು.
"ಟೇಟರ್" ಅಂದೆ ನಾನು.
ಗೆಣಸು ಏನೂ ಅನ್ನಲಿಲ್ಲ.

ಗೆಣಸು ಕೆರೆಯುವ ಕೆಲಸ ಅಂತ ನಗುವವರು ನಗಲಿ.
ನಾವು ಕೆರೆಯುವುದೂ ಇಲ್ಲ;
ಉಜ್ಜಿ ತೊಳೆದು ಸಿಪ್ಪೆ ಸಮೇತ ಹೆಚ್ಚುತ್ತೇವೆ.
ಅವಳ ಚೌಕಗಳು ಪಗಡೆ ದಾಳದಂತೆ ಒಂದೇ ಅಳತೆ.
ನನ್ನವು ಬೇಕಂತಲೇ ದೊಡ್ಡದು, ಪುಟ್ಟದು, ಓರೆ.
ಆರು ದಿನ ಅಳತೆಯ ಚಾಕರಿ ಮಾಡಿದ್ದೇನೆ, ಸಾಕು.
ಪುಟ್ಟವು ಸೀಯುತ್ತವೆ, ದೊಡ್ಡವು ಮೆತ್ತಗಾಗುತ್ತವೆ,
ನಾಲಿಗೆಗೆ ಎರಡೂ ಬೇಕು.

ಒಂದರ ಮೈಮೇಲೆ ಉದ್ದಕ್ಕೂ ಗಾಯ,
ಅಗೆಯುವಾಗ ತಗುಲಿದ್ದು.
ಬೆಚ್ಚನೆ ಕೋಣೆಯಲ್ಲಿ ವಾರ ಇಟ್ಟರೆ
ಗೆಣಸು ತನ್ನ ಗಾಯಕ್ಕೆ ತಾನೇ ತೊಗಲು ಹೊಲಿದುಕೊಳ್ಳುತ್ತದೆ.
ಸಿಹಿಯೇರುವುದು ಆಮೇಲೆ.
ಯೂಲಾಲಿಯಾ ಆ ಗೆರೆಯ ಮೇಲೆ ಹೆಬ್ಬೆರಳಾಡಿಸಿದಳು,
ತೋಳು ಮಡಚಿ ತನ್ನ ಮೊಣಕೈ ತೋರಿಸಿದಳು.
ಅಲ್ಲೂ ಒಂದು, ಅಷ್ಟೇ ಉದ್ದ.
ಯಾರು, ಯಾವಾಗ, ಕೇಳಲಿಲ್ಲ.
ಹೆಚ್ಚಲು ಈರುಳ್ಳಿ ಕೊಟ್ಟೆ.
ಅಳುವುದಿದ್ದರೆ ನೆಪ ಇರಲಿ.

ಎಣ್ಣೆ, ಉಪ್ಪು, ಕೆಂಪು ದೊಣ್ಣೆಮೆಣಸು,
ಮಾಂಸದಂಗಡಿಯ ಸಾಸೇಜು ಮುರಿದು ಉದುರಿಸಿದ್ದು.
ಅವಳ ಕೋಟಿನ ಜೇಬಿನಿಂದ
ಮುದುರಿದ ಕಾಗದ, ಅದರೊಳಗೆ ಒಣಮೆಣಸಿನ ಪುಡಿ.
ಎಲ್ಲವನ್ನೂ ಒಂದೇ ತಟ್ಟೆಗೆ ಸುರಿಯಹೋದಳು.
ಬೇಡ ಅನ್ನುವುದನ್ನು ಯಾವ ಭಾಷೆಯಲ್ಲಿ ಹೇಳಲಿ?
ಅವಳ ಭುಜಕ್ಕೆ ಭುಜ ಒತ್ತಿ ನಿಂತು
ಬೆವತವಳಂತೆ ಮುಖಕ್ಕೆ ಗಾಳಿ ಹಾಕಿಕೊಂಡೆ:
ಒತ್ತಾಗಿದ್ದರೆ ಬೇಯುತ್ತವೆ, ಅಷ್ಟೇ.
ಎರಡು ಹೆಜ್ಜೆ ಸರಿದು ಸೊಂಟಕ್ಕೆ ಕೈಯಿಟ್ಟೆ:
ಜಾಗ ಸಿಕ್ಕರೆ ಹುರಿದು ಗರಿಗರಿಯಾಗುತ್ತವೆ.
ಬಿದ್ದು ಬಿದ್ದು ನಕ್ಕಳು. ಇನ್ನೊಂದು ತಟ್ಟೆ ಎಳೆದಳು.
ಏಳು ಸುಗ್ಗಿಯಲ್ಲಿ ಅವಳ ನಗೆಗೆ ಸದ್ದಿದೆ ಅಂತ
ನನಗೆ ಗೊತ್ತಿರಲಿಲ್ಲ.

ಇಪ್ಪತ್ತು ನಿಮಿಷ. ಮಗುಚಿ, ಮತ್ತೆ ಹದಿನೈದು.
ಸಕ್ಕರೆ ಕಂದಿ ತಟ್ಟೆಗೆ ಕಚ್ಚುವ ವಾಸನೆಗೆ
ಹೊಗೆಯ ಗಂಟೆ ಹೊಡೆದುಕೊಂಡಿತು;
ಯೂಲಾಲಿಯಾ ಪೊರಕೆಯಿಂದ ಅದರ ತಲೆಗೆ ಕೊಟ್ಟಳು.
ಗುಳಿ ಮಾಡಿ ಮೊಟ್ಟೆ ಒಡೆದೆವು, ನಾಲ್ಕು.
ಒಂದರ ಹಳದಿ ಒಡೆದು ಹರಿಯಿತು.
ಅದು ನನಗೆ ಅಂತ ಇಬ್ಬರೂ ಬೆರಳು ತೋರಿಸಿಕೊಂಡೆವು.

ತಟ್ಟೆ ಬಂತು. ಕರಕಲು ಚೂರೊಂದನ್ನು ಕಂಡಿದ್ದೇ
ನನ್ನ ಕೈ, ಹಾಳಾದ ಕೈ, ಪಕ್ಕಕ್ಕೆತ್ತಿತು.
ಅವಳು ನಡುದಾರಿಯಲ್ಲೇ ಕಸಿದು
ಬಾಯಿಗೆ ಹಾಕಿಕೊಂಡಳು.

ಮನೆಯಲ್ಲಿರುವುದು ಎರಡೇ ಕುರ್ಚಿ.
ಓವನ್ನಿಗೆ ಒತ್ತಿಟ್ಟದ್ದನ್ನು ಎಳೆದುಕೊಂಡೆ,
ಬಾಗಿಲು ತಾನಾಗಿ ತೆರೆದು ಬಿತ್ತು.
ಎದುರುಬದುರು ಕೂತೆವು.
ನಡುವೆ ಏನೂ ಹರಿಯುತ್ತಿರಲಿಲ್ಲ.
ಮೊಣಕಾಲಿಗೆ ಬಿಸಿ ತಾಗುತ್ತಿತ್ತು.